ಏಳನೇ ನಂಬರಿನ ಕಾಲು

ಊರಿನ ಅರ್ಧ ಜನ ಅವನು ಕಟ್ಟಿಕೊಟ್ಟ ಹಲ್ಲುಗಳಿಂದಲೇ ಮಾತಾಡುತ್ತಿದ್ದರು. ಅವನೊಡನೆ ಮಾತ್ರ ಯಾರೂ ಮಾತಾಡುತ್ತಿರಲಿಲ್ಲ.

ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರೋಗಿಗಳು ಕೂರುವ ಕೋಣೆ ಮುಂದಿತ್ತು, ಡಾಕ್ಟರ ಕುರ್ಚಿ ನಡುವೆ ಇತ್ತು, ಅವನ ಕೋಣೆ ಎಲ್ಲಕ್ಕಿಂತ ಹಿಂದೆ, ಕೈತೊಳೆಯುವ ತೊಟ್ಟಿಯ ಆಚೆಗಿತ್ತು. ಬಾಯಿಯ ಅಚ್ಚುಗಳು ಟ್ರೇಯಲ್ಲಿ ಒಳಗೆ ಬರುತ್ತಿದ್ದವು, ಕಟ್ಟಿದ ಹಲ್ಲುಗಳು ಟ್ರೇಯಲ್ಲಿ ಹೊರಗೆ ಹೋಗುತ್ತಿದ್ದವು. ಅವನ ಮೇಜಿನ ಮೇಲೆ ಮೂರು ಹೊತ್ತೂ ಬಾಯಿಗಳು ಸಾಲಾಗಿ ತೆರೆದುಕೊಂಡು ಕೂತಿರುತ್ತಿದ್ದವು. ಒಂದರಿಂದಲೂ ಒಂದು ಸೊಲ್ಲು ಹೊರಡುತ್ತಿರಲಿಲ್ಲ. ಕ್ಲಿನಿಕ್ಕಿನಲ್ಲಿ ಅವನಿಗೆ ದವಡೆ ಎಂದು ಹೆಸರು. 'ದವಡೆಗೆ ಕಳಿಸಿ', 'ದವಡೆಯಿಂದ ಬಂತಾ' ಎಂದು ಹೊರಗಡೆ ಮಾತು ನಡೆಯುವುದು ಅವನಿಗೆ ಕೇಳಿಸುತ್ತಿತ್ತು. ಅದನ್ನೂ ಮಾತುಕತೆಯ ಲೆಕ್ಕಕ್ಕೆ ಸೇರಿಸಿಕೊಂಡರೆ ಅವನು ಒಂಟಿಯೆಂದು ಹೇಳಲು ಬರುವುದಿಲ್ಲ.

ವಾಸ ಅಕ್ಕನ ಮನೆಯ ತಾರಸಿಯ ಮೇಲಿನ ಕೋಣೆಯಲ್ಲಿ. ಅಕ್ಕ ಒಳ್ಳೆಯವಳು. ಊಟದ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಚಮಚದಿಂದ ಕಂಬಿಗೆ ಬಡಿದು ಹೋಗುತ್ತಿದ್ದಳು. ಭಾವ ಬೀದಿಯ ನಿವಾಸಿಗಳ ಸಂಘದ ಅಧ್ಯಕ್ಷರು, ಮಹಾ ಮಾತುಗಾರರು. ಆದರೆ ಅವರ ಮಾತು ಏಕಮುಖ ಸಂಚಾರದ ರಸ್ತೆ. ಎದುರಿನಿಂದ ಯಾರೂ ಬರುವಂತಿರಲಿಲ್ಲ.

ಹೀಗಿರಲು ಒಂದು ಬೆಳಿಗ್ಗೆ ಹಲ್ಲಿನ ಡಾಕ್ಟರು ಕಳೆದುಹೋದ ಟ್ರೇಯೊಂದನ್ನು ಹುಡುಕುತ್ತಾ ಹಿಂದಿನ ಕೋಣೆಗೆ ಬಂದರು. ಕಿವಿಯಲ್ಲಿ ಫೋನಿತ್ತು. ಡಾಕ್ಟರು ಭಾನುವಾರಗಳಲ್ಲಿ ಗೆಳೆಯರ ಜೊತೆ ಕಲ್ಲು ಮಣ್ಣಿನ ದಾರಿಯಲ್ಲಿ, ಎಂದರೆ ದಾರಿಯೇ ಇಲ್ಲದ ಕಡೆ, ಬೈಕು ಓಡಿಸುವ ಹವ್ಯಾಸದವರು. ದವಡೆಯ ಮುಖವನ್ನೇ ನೋಡುತ್ತಾ, ಫೋನಿನಲ್ಲಿದ್ದ ಯಾರನ್ನೋ ಅವರು ಕೇಳಿದರು:

"ಬೈಕಿದೆಯಾ?"

"ಇದೆ ಸಾರ್," ಎಂದ ದವಡೆ.

ಡಾಕ್ಟರು ಬೆಚ್ಚಿದರು. ಟ್ರೇಯೊಂದು ಮಾತಾಡಿದ್ದರೂ ಅವರು ಅಷ್ಟೇ ಬೆಚ್ಚುತ್ತಿದ್ದರು.

"ನಿಮ್ಮತ್ರಾನೂ ಇದೆಯಾ? ಕಲ್ಲು ಮಣ್ಣಲ್ಲಿ ಓಡಿಸ್ತೀರಾ?"

"ರಸ್ತೆ ಮೇಲೆ ಓಡಿಸೋದೇ ಕಮ್ಮಿ ಸಾರ್."

ಇದು ಸುಳ್ಳಲ್ಲ. ಅವನ ಬೈಕು ರಸ್ತೆಯ ಮೇಲೆ ಓಡುವುದು ಕಮ್ಮಿಯೇ. ಬಹುಪಾಲು ಅದು ಮೆಟ್ಟಿಲ ಕೆಳಗೆ ನಿಂತಿರುತ್ತಿತ್ತು, ಭಾವ ಅದರ ಮೇಲೆ ಟವೆಲ್ ಒಣಹಾಕುತ್ತಿದ್ದರು.

"ಹಾಗಾದ್ರೆ ಈ ಭಾನುವಾರ ಬನ್ನಿ. ಹೆಲ್ಮೆಟ್ಟಿಗೆ ಇಂಟರ್‌ಕಾಮ್ ಇದೆ ತಾನೆ? ನಾವೆಲ್ಲ ದಾರಿಯುದ್ದಕ್ಕೂ ಮಾತಾಡ್ಕೊಂಡೇ ಓಡಿಸೋದು."

"ಇದೆ ಸಾರ್." ಈ ಎರಡನೆಯದು ಮಾತ್ರ ಸುಳ್ಳು.

'ದಾರಿಯುದ್ದಕ್ಕೂ ಮಾತಾಡ್ಕೊಂಡೇ' ಎಂಬುದು ದವಡೆಯ ತಲೆಯಲ್ಲಿ ಕೂತುಬಿಟ್ಟಿತು. ಆ ಮಧ್ಯಾಹ್ನ ಅವನು ಒಬ್ಬ ನಿವೃತ್ತ ಮೇಷ್ಟರ ಕೆಳಹಲ್ಲನ್ನು ಮೇಲಕ್ಕೆ ಕೂರಿಸಿ, ಮೇಷ್ಟರು ಹುಟ್ಟಾ ಹೀಗೇ ಇದ್ದರೇನೋ ಎಂಬಂತೆ ಸ್ವಲ್ಪ ಹೊತ್ತು ನೋಡಿ, ಮತ್ತೆ ಕಿತ್ತ. ಸಂಜೆ ನೇರವಾಗಿ ಹಳೇ ಸಾಮಾನಿನ ಅಂಗಡಿಗೆ ಹೋದ.

ಅಂಗಡಿಯವನು ಇಟ್ಟಿಗೆ ಗಾತ್ರದ ವಾಕಿಟಾಕಿಯೊಂದನ್ನು ಹೊರತೆಗೆದ. "ಇದು ದೊಡ್ಡ ಇಲಾಖೆಯಿಂದ ಬಂದ ಮಾಲು. ಬೆಟ್ಟ ಅಡ್ಡ ಬಂದ್ರೂ ಮಾತು ಆಚೆಗೆ ದಾಟುತ್ತೆ. ಸೊಂಟಕ್ಕೆ ಕಟ್ಕೊಳ್ಳಿ, ವೈರನ್ನ ಹೆಲ್ಮೆಟ್ಟೊಳಗೆ ಎಳೆದು ಕೊಡ್ತೀನಿ. ಬಾಯಿ ಹತ್ರ ಮೈಕು, ಕಿವಿ ಹತ್ರ ಸ್ಪೀಕರು, ಮಾತಾಡೋ ಬಟನ್ನು ಹ್ಯಾಂಡಲ್ ಮೇಲೆ."

"ಬೇರೆಯವರ ಇಂಟರ್‌ಕಾಮಿಗೆ ಇದು ಸೇರುತ್ತಾ?"

"ಸೇರಬೇಕಾದ್ದು ಅವರದ್ದು ಇದಕ್ಕೆ," ಎಂದ ಅಂಗಡಿಯವನು. ಇಷ್ಟು ಘನತೆಯ ಉತ್ತರ ಕೇಳಿ ದವಡೆ ದುಡ್ಡು ಎಣಿಸಿದ.

ಭಾನುವಾರ ಊರಾಚೆಯ ಪೆಟ್ರೋಲ್ ಬಂಕಿನಲ್ಲಿ ಡಾಕ್ಟರೂ ಅವರ ಗೆಳೆಯರೂ ಕಲೆತಿದ್ದರು. ಎಲ್ಲರ ಹೆಲ್ಮೆಟ್ಟಿನ ಮಗ್ಗುಲಲ್ಲೂ ಹೆಬ್ಬೆಟ್ಟಿನಷ್ಟು ಚಿಕ್ಕ ಇಂಟರ್‌ಕಾಮ್. ದವಡೆಯ ಸೊಂಟದ ಇಟ್ಟಿಗೆಯನ್ನು ಡಾಕ್ಟರು ಬಗ್ಗಿ ನೋಡಿದರು.

"ಇದೇನ್ರೀ, ರೈಲ್ವೆ ಸ್ಟೇಷನ್ನಿಂದ ಎತ್ಕೊಂಡ್ ಬಂದ್ರಾ?"

"ಬೆಟ್ಟ ದಾಟುತ್ತೆ ಸಾರ್."

"ಬೆಟ್ಟ ದಾಟಿದ್ರೇನು ಬಂತು, ನಮ್ಮ ಹೆಲ್ಮೆಟ್ಟಿಗೆ ದಾಟಬೇಕಲ್ಲ. ಇದು ನಮ್ಮದಕ್ಕೆ ಸೇರಲ್ಲ. ಪರವಾಗಿಲ್ಲ, ಕೊನೇಲಿ ಬನ್ನಿ. ಮುಂದಿನವರನ್ನ ನೋಡ್ಕೊಂಡು ಬಂದ್ರೆ ಸಾಕು."

ಹೀಗೆ ದವಡೆ ಕೊನೆಯವನಾಗಿ ಹೊರಟ. ಡಾಂಬರು ಮುಗಿಯಿತು, ಜಲ್ಲಿ ಬಂತು, ಜಲ್ಲಿಯೂ ಮುಗಿದು ಕುರುಚಲು ಗಿಡಗಳ ನಡುವೆ ಬರೀ ಗಾಲಿಯ ಗುರುತು ಉಳಿಯಿತು. ಮುಂದೆ ಹೋಗುತ್ತಿದ್ದವರು ಮಾತಾಡುತ್ತಿದ್ದರು. ಕೇಳಿಸದಿದ್ದರೂ ಕಾಣುತ್ತಿತ್ತು: ಒಬ್ಬ ತಲೆಯಾಡಿಸುತ್ತಿದ್ದ, ಇನ್ನೊಬ್ಬ ಕೈಯೆತ್ತಿ ಆಕಾಶಕ್ಕೆ ಏನನ್ನೋ ವಿವರಿಸುತ್ತಿದ್ದ. ಹಳೇ ಕಲ್ಲುಗಣಿ ದಾಟಿದ ಮೇಲೆ ಎಲ್ಲರ ಭುಜಗಳೂ ಒಟ್ಟಿಗೆ ಕುಲುಕಿದವು. ಯಾರೋ ಒಳ್ಳೆಯ ಜೋಕು ಹೇಳಿರಬೇಕು. ಜೊತೆಯಲ್ಲಿ ಬಂದ ಮೇಲೆ ನಗದಿದ್ದರೆ ಹೇಗೆಂದು ದವಡೆಯೂ ಹೆಲ್ಮೆಟ್ಟಿನೊಳಗೆ ಕಣ್ಣುಮುಚ್ಚಿ, ಭುಜ ಕುಲುಕಿಸಿ ನಕ್ಕ. ಕಣ್ಣು ಬಿಡುವ ಹೊತ್ತಿಗೆ ಅವರೆಲ್ಲ ಎಡಕ್ಕೆ ತಿರುಗಿಯಾಗಿತ್ತು. ದವಡೆ ನೇರವಾಗಿ ಒಣಗಿದ ಹಳ್ಳಕ್ಕೆ ಇಳಿದ.

ಇಳಿದ ಎನ್ನುವುದು ಮರ್ಯಾದೆಯ ಮಾತು. ಅವನು ಕೆಳಗೆ, ಬೈಕು ಅವನ ಎಡಗಾಲ ಮೇಲೆ, ಧೂಳು ಇಬ್ಬರ ಮೇಲೆ. ಸೊಂಟದ ವಾಕಿಟಾಕಿ ಕಲ್ಲಿಗೆ ಬಡಿದು ಅದರ ಚಾನೆಲ್ ಬದಲಿಸುವ ತಿರುಗುಗುಬ್ಬಿ ಟಕ್ಕೆಂದು ಒಂದು ಮನೆ ಸರಿಯಿತು. ಕೂಡಲೇ ಅವನ ಕಿವಿಯಲ್ಲಿ ಒಂದು ಹೆಂಗಸಿನ ದನಿ ಕೇಳಿಸಿತು.

"ಏಳು. ಏಳು."

ದವಡೆಗೆ ಪರಮಾಶ್ಚರ್ಯವಾಯಿತು. ಇಷ್ಟು ವರ್ಷಗಳಲ್ಲಿ ಅವನು ಎಷ್ಟೋ ಸಲ ಬಿದ್ದಿದ್ದ; ಬಿದ್ದ ತಕ್ಷಣ ಎಬ್ಬಿಸುವವರು ಸಿಕ್ಕಿದ್ದು ಇದೇ ಮೊದಲು. ಡಾಕ್ಟರು ಇದಕ್ಕೂ ಒಂದು ವ್ಯವಸ್ಥೆ ಮಾಡಿರಬೇಕೆಂದುಕೊಂಡ.

"ಏಳು, ಕೇಳಿಸ್ತಿದೆಯಾ? ಏಳು."

ಹ್ಯಾಂಡಲ್ ಅವನ ಗಲ್ಲದ ಪಕ್ಕಕ್ಕೇ ಬಂದು ಬಿದ್ದಿತ್ತು. ಬಟನ್ ಒತ್ತಿದ.

"ಕೇಳಿಸ್ತಿದೆ. ಆದ್ರೆ ಏಳಕ್ಕೆ ಆಗ್ತಿಲ್ಲ."

"ಏಳಕ್ಕೆ ಏನಾಗಿದೆ? ಓವರ್."

"ಓವರ್ ಏನಿಲ್ಲ ಮೇಡಂ, ನಾಟಕ ಮಾಡ್ತಿಲ್ಲ. ನಿಜವಾಗ್ಲೂ ಗಾಡಿ ಬಿದ್ದಿದೆ. ಕಾಲು ಅಡೀಲಿ ಸಿಕ್ಕಿಹಾಕ್ಕೊಂಡಿದೆ."



ಆ ಕಡೆ ಇದ್ದದ್ದು ಊರಿನ ನೀರು ಸರಬರಾಜು ಕಚೇರಿ. ವಾಕಿಟಾಕಿ ಅಲ್ಲಿಂದಲೇ ಗುಜರಿಗೆ ಹೋಗಿ ಅಂಗಡಿ ಸೇರಿತ್ತು. ನಲ್ಲಿಯಿಲ್ಲದ ಬೀದಿಗಳಿಗೆ ನೀರು ಹೊತ್ತು ತಿರುಗುವ ಹದಿನಾರು ಟ್ಯಾಂಕರುಗಳಿಗೆ ಅಲ್ಲಿನ ರೇಡಿಯೋ ಕೋಣೆಯಲ್ಲಿ ಕೂತ ಒಬ್ಬಳು ಹೆಂಗಸು ದಿನವಿಡೀ ದಾರಿ ಹೇಳುತ್ತಿದ್ದಳು. ಚಾಲಕರಿಗೆಲ್ಲ ಅವಳು ರೇಡಿಯೋ ಮೇಡಂ. ಅವಳಿಗೆ ಅವರೆಲ್ಲ ನಂಬರುಗಳು. ಏಳನೇ ನಂಬರಿನವನು ಹೊಸಬ. 'ಹೂಂ' ಎನ್ನುವುದನ್ನು ಬಿಟ್ಟು ಬೇರೆ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಅವನು ಬೆಳಿಗ್ಗೆ ಟ್ಯಾಂಕರ್ ತುಂಬಿಸಿಕೊಂಡು ಹೋದವನು ಪತ್ತೆಯಿರಲಿಲ್ಲ. ಈಗ ಪತ್ತೆಯಾಗಿದ್ದಾನೆ, ಗಾಡಿಯ ಅಡಿಯಲ್ಲಿ.

"ಟ್ಯಾಂಕ್ ತುಂಬಿತ್ತಾ?" ಅವಳ ದನಿ ಸಣ್ಣಗಾಗಿತ್ತು.

"ತುಂಬಿಸ್ಕೊಂಡೇ ಹೊರಟಿದ್ದೆ. ಈಗ ಸೋರ್ತಿದೆ. ವಾಸನೆ ಬೇರೆ."

ನೀರಿಗೆ ವಾಸನೆ ಬರುತ್ತಿದೆ ಎಂದರೆ ತಲೆಗೂ ಏಟು ಬಿದ್ದಿರಬೇಕೆಂದು ರೇಡಿಯೋ ಮೇಡಂ ಅಂದಾಜು ಮಾಡಿದಳು.

"ಎಲ್ಲಿದೀಯ?"

"ಹಳೇ ಕಲ್ಲುಗಣಿ ದಾಟಿದ ಮೇಲೆ ಒಣಗಿದ ಹಳ್ಳ ಇದೆಯಲ್ಲ, ಅಲ್ಲಿ."

"ಅಲ್ಲಿಗ್ಯಾಕೆ ಹೋದೆ? ಅಲ್ಲಿ ರಸ್ತೇನೇ ಇಲ್ವಲ್ಲ."

"ರಸ್ತೆ ಇಲ್ಲ ಅಂತಾನೇ ಬಂದಿದ್ದು ಮೇಡಂ."

ತಲೆಗೆ ಏಟು ಬಿದ್ದಿರುವುದು ಖಾತ್ರಿಯಾಯಿತು. ಅವಳು ಕಚೇರಿಯ ಎಂಜಿನಿಯರರಿಗೆ ಫೋನು ಮಾಡಿದಳು. ಎಂಜಿನಿಯರು ರಜೆಯ ದಿನ ಮೀಸೆಯ ಒಂದು ಪಕ್ಕಕ್ಕೆ ಬಣ್ಣ ಹಚ್ಚಿಕೊಂಡು ಇನ್ನೊಂದು ಪಕ್ಕಕ್ಕೆ ಬ್ರಷ್ ಎತ್ತಿದ್ದರು. ಬ್ರಷ್ ಅಲ್ಲೇ ಬಿಟ್ಟು ಮೇಲಧಿಕಾರಿಗೆ ಫೋನು ಮಾಡಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಇಲಾಖೆ ಅದು; ಕಾಲು ಸಿಕ್ಕಿಕೊಂಡಿದೆ ಎಂದು ಹೊರಟ ಸುದ್ದಿ ಮೇಲಕ್ಕೆ ತಲುಪುವಾಗ 'ಟ್ಯಾಂಕರ್ ಪಲ್ಟಿ, ಚಾಲಕ ಚಿಂತಾಜನಕ' ಎಂದಾಗಿತ್ತು. ಕ್ರೇನ್ ಹೊರಡಿಸಲು ಆಜ್ಞೆಯಾಯಿತು. "ಅಲ್ಲೀವರೆಗೆ ಅವನನ್ನ ಮಾತಾಡಿಸ್ತಾ ಇರಿ," ಎಂದರು ಎಂಜಿನಿಯರು ರೇಡಿಯೋ ಮೇಡಮ್ಮಿಗೆ. "ನಿದ್ದೆ ಹೋಗೋಕೆ ಬಿಡಬೇಡಿ. ನಿದ್ದೆ ಹೋದ್ರೆ ಮುಗೀತು."

ಈ ಹೊತ್ತಿಗೆ ದವಡೆಯ ಕಾಲು ಹೊರಗೆ ಬಂದಿತ್ತು. ಅದರಲ್ಲೇನೂ ಸಾಹಸವಿರಲಿಲ್ಲ. ಅಡಿಯಲ್ಲಿ ಮೆತ್ತನೆಯ ಮರಳು. ಅತ್ತಿತ್ತ ಅಲ್ಲಾಡಿಸಿದ, ಬೂಟಿನ ಸಮೇತ ಬಂತು. ಎದ್ದು ಕೂತು ಚೀಲದಿಂದ ಬಾಟಲಿ ತೆಗೆದು ನೀರು ಕುಡಿಯುತ್ತಿದ್ದಾಗ ಕಿವಿಯಲ್ಲಿ ಅದೇ ದನಿ ಬೇರೆ ಯಾರಿಗೋ ಹೇಳಿತು: "ಎಂಟು, ನೀನು ಪಂಪ್ ಹೌಸಿಗೆ ಹೋಗಿ ಕಾಯ್ತಾ ಇರು. ಏಳು ಟ್ಯಾಂಕರ್ ಸಮೇತ ಬಿದ್ದಿದಾನೆ ಪಾಪ."

ದವಡೆ ಬಾಟಲಿ ಕೆಳಗಿಟ್ಟ. ಏಳು ಎಂದರೆ ನಂಬರು. ಎಂಟರ ಹಿಂದಿನದು. ಅವಳು ಇಷ್ಟು ಹೊತ್ತು ಮಾತಾಡಿಸಿದ್ದು ಬೇರೆ ಯಾರನ್ನೋ.

ಇಂಥ ಸಂದರ್ಭದಲ್ಲಿ ಸಭ್ಯನಾದವನು ಏನು ಮಾಡಬೇಕೆಂಬುದು ಎಲ್ಲರಿಗೂ ಗೊತ್ತು. ದವಡೆಗೂ ಗೊತ್ತಿತ್ತು. ಬಟನ್ ಒತ್ತಿ, "ಮೇಡಂ, ಒಂದು ವಿಷಯ ಹೇಳಬೇಕಿತ್ತು," ಎಂದು ಶುರುಮಾಡಿಯೂ ಬಿಟ್ಟ.

"ಹೇಳಪ್ಪ," ಎಂದಳು ಅವಳು. "ನಾನು ಎಲ್ಲೂ ಹೋಗಲ್ಲ. ಇಲ್ಲೇ ಇದೀನಿ, ಹೇಳು."

ದವಡೆ ಕಾಲನ್ನು ವಾಪಸು ಬೈಕಿನ ಅಡಿಗೆ ಇಟ್ಟ.

ಅವನಿಗೆ ಸುಳ್ಳು ಅಷ್ಟಾಗಿ ಒಗ್ಗುತ್ತಿರಲಿಲ್ಲ. ಕಾಲು ಅಡಿಯಲ್ಲಿದೆ ಎನ್ನಬೇಕಾದರೆ ಕಾಲು ಅಡಿಯಲ್ಲಿರಬೇಕು, ಅಷ್ಟೇ ಅವನ ಲೆಕ್ಕ. ಬೈಕಿನ ಲೆಕ್ಕ ಬೇರೆಯಿತ್ತು. ಅಲ್ಲಿಯವರೆಗೆ ಯಾವುದೋ ಬೇರಿಗೆ ಆನಿಕೊಂಡಿದ್ದ ಅದು ಕಾಲು ಒಳಗೆ ಹೋದ ಕೂಡಲೇ ಜಾರಿ ಸೈಲೆನ್ಸರಿನ ಸಮೇತ ಪೂರ್ತಿಯಾಗಿ ಕೂತಿತು. ದವಡೆ ಎಳೆದ. ಬರಲಿಲ್ಲ. ಮತ್ತೆ ಎಳೆದ.

"ಹೇಳಪ್ಪ, ಏನಾಯ್ತು?"

"ನೋವಾಗ್ತಿದೆ ಮೇಡಂ," ಎಂದ. ಇದು ಈಗ ಅಪ್ಪಟ ಸತ್ಯವಾಗಿತ್ತು.

"ಕ್ರೇನ್ ಹೊರಟಿದೆ. ನಿದ್ದೆ ಮಾಡಬೇಡ, ನನ್ನ ಜೊತೆ ಮಾತಾಡ್ತಾ ಇರು. ಬೆಳಿಗ್ಗೆ ಏನು ತಿಂದೆ?"

"ಬ್ರೆಡ್ಡು."

"ಯಾರು ಮಾಡಿಕೊಟ್ರು?"

"ಬ್ರೆಡ್ಡಿಗೆ ಮಾಡೋದೇನಿದೆ ಮೇಡಂ, ಕವರ್ ಬಿಚ್ಚಿದ್ರೆ ಆಯ್ತು."

"ಮನೇಲಿ ಯಾರಿಗೆ ತಿಳಿಸ್ಲಿ?"

"ಅಕ್ಕ ಇದಾಳೆ. ಆದ್ರೆ ಇವತ್ತು ನಮ್ಮ ಬೀದಿಗೆ ನೀರು ಬರೋ ದಿನ. ಡ್ರಮ್ ಬಿಟ್ಟು ಬರೋಕಾಗಲ್ಲ. ಯಾರಿಗೂ ಬೇಡ ಬಿಡಿ."

ಆ ಬೀದಿಗೆ ನೀರು ಒಯ್ಯಬೇಕಾಗಿದ್ದದ್ದು ಏಳನೇ ನಂಬರೇ ಎಂಬುದು ಅವನಿಗೆ ಗೊತ್ತಿರಲಿಲ್ಲ.

"ಹಾಗೆಲ್ಲ ಅನ್ನಬಾರದು. ಇನ್ನೇನಾದ್ರೂ ಮಾತಾಡು."

"ನನ್ನ ಹತ್ರ ಮಾತಾಡೋಕೆ ಏನೂ ಇಲ್ಲ ಮೇಡಂ. ಕೇಳಿಸ್ಕೊಳ್ಳೋದು ಚೆನ್ನಾಗಿ ಬರುತ್ತೆ. ನೀವು ಹೇಳಿ."

ರೇಡಿಯೋ ಮೇಡಂ ಇಕ್ಕಟ್ಟಿಗೆ ಸಿಕ್ಕಳು. ದಿನವಿಡೀ ಅವಳು ಮಾತಾಡುತ್ತಿದ್ದದ್ದು ನಿಜ. ಬಲಕ್ಕೆ ತಿರುಗು, ಎಡಕ್ಕೆ ತಿರುಗು, ವಾಲ್ವು ಮುಚ್ಚು. ಇದನ್ನು ಬಿಟ್ಟು ಮಾತಾಡು ಎಂದರೆ ಏನು ಮಾತಾಡುವುದು? ಒಬ್ಬ ಮನುಷ್ಯನ ಪ್ರಾಣದ ಪ್ರಶ್ನೆ ಎಂದು ಬಾಯಿಗೆ ಬಂದದ್ದನ್ನು ಹೇಳತೊಡಗಿದಳು. ತನ್ನ ಕೋಣೆಗೆ ಕಿಟಕಿ ಇದೆ, ಆದರೆ ಅದರಾಚೆ ಗೋಡೆ ಇದೆ. ಊಟದ ಡಬ್ಬಿಯ ಮುಚ್ಚಳ ಪೂರ್ತಿ ತೆಗೆದ ದಿನವಿಲ್ಲ, ಅಷ್ಟರಲ್ಲಿ ಯಾವುದಾದರೂ ನಂಬರು ಕರೆಯುತ್ತದೆ. ಯಜಮಾನರಿಗೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ.

"ನಾನು ಮನೆಗೆ ಹೋಗೋ ಹೊತ್ತಿಗೆ ಅವರು ಹೊರಡ್ತಾರೆ. ಬಸ್ ಸ್ಟಾಪಲ್ಲಿ ಎದುರುಬದುರಾಗ್ತೀವಿ. ನಾನು 'ಕೀಲಿ' ಅಂತೀನಿ. ಅವರು ಕೊಡ್ತಾರೆ. ಬಸ್ ಬರುತ್ತೆ."

"ಇನ್ನೊಂದು ಕೀಲಿ ಮಾಡಿಸಬಹುದಲ್ಲ ಮೇಡಂ?"

ಅವಳು ಹೇಳಿದಳು:

"ಮಾಡಿಸಬಹುದು. ಆಮೇಲೆ ಬಸ್ ಸ್ಟಾಪಲ್ಲಿ ನಿಂತ್ಕೊಳ್ಳೋಕೆ ಕಾರಣ ಇರಲ್ಲ."

ದವಡೆಗೆ ಇದು ಅರ್ಥವಾಯಿತು. ಆಕಾಶ ನೋಡುತ್ತಾ, "ಹೌದು ಮೇಡಂ, ಬೇಡ," ಎಂದ.

ಇಬ್ಬರೂ ಒಂದು ಸಂಗತಿ ಮರೆತಿದ್ದರು. ರೇಡಿಯೋದಲ್ಲಿ ಗುಟ್ಟೆಂಬುದಿಲ್ಲ. ಅದೇ ಚಾನೆಲ್ಲಿನಲ್ಲಿ ಹದಿನೈದು ಮಂದಿ ಚಾಲಕರು ಕಿವಿಯಾಗಿ ಕೂತಿದ್ದರು. ಸಾಯುತ್ತಿರುವ ಸಹೋದ್ಯೋಗಿ, ಎಂದೂ ಮನೆಯ ಮಾತಾಡದ ಮೇಡಂ. ಇಂಥದ್ದನ್ನು ಬಿಟ್ಟು ಗಾಡಿ ಓಡಿಸುವುದು ಯಾರಿಂದ ತಾನೇ ಸಾಧ್ಯ? ಮೂರನೇ ನಂಬರಿನವನು ಸೇತುವೆಯ ಮೇಲೆ ಎಂಜಿನ್ ಆರಿಸಿದ. ಹನ್ನೊಂದನೆಯವನು ಒಂದು ವಠಾರದ ತೊಟ್ಟಿಗೆ ಪೈಪು ಇಳಿಸಿ ವಾಲ್ವು ತಿರುಗಿಸುವುದನ್ನೇ ಮರೆತ. ಹೆಂಗಸರು ಬೈದರೆ ಬಾಯಿಯ ಮೇಲೆ ಬೆರಳಿಟ್ಟು, "ಶ್, ಕೀಲಿ ವಿಷಯ," ಎಂದ. ಊರಲ್ಲಿ ಎಲ್ಲೂ ನೀರಿಲ್ಲದಂತಾಯಿತು.

ದವಡೆಯ ಬೀದಿಯಲ್ಲಿ ಬೆಳಗಿನಿಂದ ಡ್ರಮ್ಮು ಬಿಂದಿಗೆಗಳ ಸಾಲು ಬಿಸಿಲು ಕಾಯುತ್ತಿತ್ತು. ಭಾವ ಸಹನೆ ಮೀರಿದವರಾಗಿ ಬಕೆಟ್ಟು ಹಿಡಿದು ಹೊರಟರು. ಸಂಘದ ಸದಸ್ಯರೆಲ್ಲ ಹಿಂದೆ ಹೊರಟರು. ಕಚೇರಿ ಮುಟ್ಟುವವರೆಗೆ ಅವರ ಘೋಷಣೆ 'ನೀರು ಕೊಡಿ' ಎಂದಿತ್ತು. ಗೇಟಿನಲ್ಲಿ ಕಾವಲುಗಾರ, "ಡ್ರೈವರ್ ಟ್ಯಾಂಕರ್ ಅಡಿ ಸಿಕ್ಕಿದಾನೆ, ಸಾಯ್ತಿದಾನೆ," ಎಂದಾಗ ಭಾವ ಕ್ಷಣ ತಬ್ಬಿಬ್ಬಾದರು. ಬಳಿಕ ಬಕೆಟ್ಟನ್ನು ಎಡಗೈಗೆ ಬದಲಾಯಿಸಿ, "ಡ್ರೈವರನ್ನು ಉಳಿಸಿ, ಆಮೇಲೆ ನೀರು ಕೊಡಿ," ಎಂದು ಕೂಗಿಸಿದರು. ಅರ್ಧ ಮೀಸೆಯ ಎಂಜಿನಿಯರು ಜೀಪು ಹತ್ತುತ್ತಿದ್ದರು. ಸಾರ್ವಜನಿಕರ ಪ್ರತಿನಿಧಿಯಾಗಿ ತಾವೂ ಬರುವುದಾಗಿ ಭಾವ ಒಳಗೆ ತೂರಿಕೊಂಡರು, ಬಕೆಟ್ಟು ಸಹಿತ.

ಇತ್ತ ನಿಜವಾದ ಏಳನೇ ನಂಬರಿನವನು ದವಡೆಯ ಬೀದಿಯ ಹಿಂದೆ ಮರದ ನೆರಳಲ್ಲಿ ಟ್ಯಾಂಕರ್ ನಿಲ್ಲಿಸಿ, ರೇಡಿಯೋ ಆರಿಸಿ, ಸೊಗಸಾದ ನಿದ್ದೆ ತೆಗೆಯುತ್ತಿದ್ದ. ಎದ್ದು ಬೀದಿಗೆ ಬಂದರೆ ಡ್ರಮ್ಮುಗಳಿದ್ದವು, ಜನರಿರಲಿಲ್ಲ. ಅವನು ರೇಡಿಯೋ ಹಚ್ಚಿದ.

"ಏಳು ಮಾತಾಡ್ತಿರೋದು. ನೀರು ತಂದಿದೀನಿ. ಬೀದೀಲಿ ಒಂದು ನರಪಿಳ್ಳೆ ಇಲ್ಲ."

ಹಳ್ಳದಲ್ಲಿ ದವಡೆಗೆ ಇದು ಸ್ಪಷ್ಟವಾಗಿ ಕೇಳಿಸಿತು. ಬೆಟ್ಟ ದಾಟುತ್ತದೆ ಎಂದು ಅಂಗಡಿಯವನು ಹೇಳಿದ್ದು ನಿಜವೇ.

"ಏಳು?" ಎಂದಳು ರೇಡಿಯೋ ಮೇಡಂ. "ಕಾಲು ಬಂತಾ?"

"ಯಾವ ಕಾಲು?"

"ನಿನ್ನ ಕಾಲು. ಟ್ಯಾಂಕರ್ ಅಡಿ ಸಿಕ್ಕಿತ್ತಲ್ಲ."

"ಟ್ಯಾಂಕರ್ ಒಳಗೇ ಕೂತಿದೀನಿ ಮೇಡಂ. ಎರಡೂ ಕಾಲೂ ಇದೆ."

ಹದಿನೈದು ಗಾಡಿಗಳಲ್ಲೂ ರೇಡಿಯೋದ ಸದ್ದು ಏರಿತು. ಅವಳ ದನಿ ಬಂತು, ಬ್ಯಾಂಕಿನ ಕೌಂಟರಿನಿಂದ ಬಂದ ಹಾಗೆ.

"ಹಳ್ಳದಲ್ಲಿ ಇರೋರು ಯಾರು? ನೀವು ಯಾರು ಮಾತಾಡ್ತಿರೋದು?"

'ಹೇಳಪ್ಪ' ಹೋಗಿ 'ನೀವು' ಬಂದಿತ್ತು. ದವಡೆ ಬಟನ್ ಒತ್ತಿದ. ಕಾಲಿನ ನೋವು ಒಮ್ಮೆಲೇ ಜಾಸ್ತಿಯಾದಂತೆ ಅನಿಸಿತು.

"ಹಲ್ಲು ಕಟ್ಟೋನು ಮೇಡಂ," ಎಂದ. "ಬೈಕಿಂದ ಬಿದ್ದಿದ್ದೆ."

ಅಷ್ಟರಲ್ಲಿ ಹಳ್ಳದ ದಡದ ಮೇಲೆ ಕ್ರೇನು, ಆಂಬುಲೆನ್ಸು, ಜೀಪು ಒಂದರ ಹಿಂದೆ ಒಂದು ಬಂದು ನಿಂತವು. ಎಂಜಿನಿಯರು ಇಳಿದು ನಾಲ್ಕೂ ದಿಕ್ಕಿಗೆ ನೋಡಿದರು.

"ಟ್ಯಾಂಕರ್ ಎಲ್ಲಿ?"

"ಇಲ್ಲ ಸಾರ್," ಎಂದ ಕ್ರೇನಿನವನು.

"ಇಲ್ಲ ಅಂದ್ರೆ? ಹನ್ನೆರಡು ಸಾವಿರ ಲೀಟರಿನ ಟ್ಯಾಂಕರ್ ಪಲ್ಟಿ ಅಂತ ಮೇಲಕ್ಕೆ ವರದಿ ಹೋಗಿದೆ. ಇಲ್ಲ ಅಂದ್ರೆ ಹೇಗ್ರೀ?"

ಆಂಬುಲೆನ್ಸಿನವರು ದವಡೆಯ ಹೆಲ್ಮೆಟ್ ತೆಗೆದರು. ಭಾವ ಬಗ್ಗಿ ನೋಡಿ ಬಕೆಟ್ಟು ಕೆಳಗಿಟ್ಟರು.

"ಇವನು ನನ್ನ ಭಾಮೈದ."

"ನಿಮ್ಮ ಭಾಮೈದ ಟ್ಯಾಂಕರ್ ಓಡಿಸ್ತಾರಾ?"

"ಹಲ್ಲು ಕಟ್ತಾನೆ. ಮಾತೇ ಆಡಲ್ಲ ಇವನು. ಹತ್ತು ವರ್ಷದಿಂದ ನಮ್ಮನೇಲಿದಾನೆ, ನಾಲ್ಕು ಮಾತಾಡಿದ್ದು ನಾನು ಕೇಳಿಲ್ಲ."

"ಬೆಳಗಿಂದ ನಮ್ಮ ಚಾನೆಲ್ಲಲ್ಲಿ ಮಾತಾಡಿದ್ದೇ ಮಾತಾಡಿದ್ದು," ಎಂದರು ಎಂಜಿನಿಯರು.

ಬಂದ ಕ್ರೇನನ್ನು ಸುಮ್ಮನೆ ವಾಪಸು ಕಳಿಸುವಂತಿರಲಿಲ್ಲ. ಹಾಗೆ ಕಳಿಸಿದರೆ ಯಾಕೆ ಕರೆಸಿದಿರಿ ಎಂಬ ಪ್ರಶ್ನೆ ಏಳುತ್ತದೆ. ಇಬ್ಬರು ಕೈಹಾಕಿದ್ದರೆ ಎತ್ತಬಹುದಾಗಿದ್ದ ಬೈಕಿಗೆ ಉಕ್ಕಿನ ಹಗ್ಗ ಬಿಗಿದು, ಕ್ರೇನಿನಿಂದ ಎತ್ತಿ, ಆಕಾಶದಲ್ಲಿ ಒಂದು ಸುತ್ತು ಸುತ್ತಿಸಿ ದಡದ ಮೇಲಿಟ್ಟರು. ಎಂಜಿನಿಯರು ಫೋನಿನಲ್ಲಿ ಮೇಲಧಿಕಾರಿಗೆ, "ವಾಹನ ಎತ್ತಿದ್ದಾಯ್ತು ಸಾರ್, ಚಾಲಕ ಅಪಾಯದಿಂದ ಪಾರು, ಟ್ಯಾಂಕರಿಗೆ ಒಂದು ಗೀರೂ ಬಿದ್ದಿಲ್ಲ," ಎಂದರು. ಈ ದಕ್ಷತೆಗೆ ಅವರಿಗೆ ಶಾಭಾಸಗಿರಿ ಸಿಕ್ಕಿತೆಂದು ಆಮೇಲೆ ತಿಳಿಯಿತು. ದವಡೆಯ ಪಾದ ಉಬ್ಬಿ ಬನ್ನಿನಂತಾಗಿತ್ತು. ಪಟ್ಟಿ ಕಟ್ಟಿ ಮನೆಗೆ ತಂದುಬಿಟ್ಟರು. "ಯಾರು ಹೋಗು ಅಂದಿದ್ರು ಇವನಿಗೆ?" ಎಂದು ಭಾವ ಬೀದಿಯವರೆಲ್ಲರನ್ನೂ ಕೇಳಿದರು, ಅವನೊಬ್ಬನನ್ನು ಬಿಟ್ಟು.

ಮಾರನೆಯ ದಿನ ಹಲ್ಲಿನ ಡಾಕ್ಟರು ಟ್ರೇ ಕೊಡುವ ನೆಪದಲ್ಲಿ ಒಳಗೆ ಇಣುಕಿದರು.

"ನಿನ್ನೆ ಮಜಾ ಬಂತಲ್ವಾ?"

ದವಡೆ ಪಟ್ಟಿ ಕಟ್ಟಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡಿದ್ದ. "ಬಂತು ಸಾರ್."

"ನೀವು ಸ್ವಲ್ಪ ನಿಧಾನ. ಅದು ಬಿಟ್ರೆ ಪರವಾಗಿಲ್ಲ," ಎಂದು ಡಾಕ್ಟರು ಹೊರಟುಹೋದರು.

ಕಾಲು ನೆಲಕ್ಕೆ ಊರುವಂತಾದ ಮೇಲೆ ಅವನು ಹೆಲ್ಮೆಟ್ಟನ್ನೂ ವಾಕಿಟಾಕಿಯನ್ನೂ ಚೀಲದಲ್ಲಿ ಹಾಕಿಕೊಂಡು ನೀರಿನ ಕಚೇರಿಗೆ ಹೋದ. ಕ್ಷಮೆ ಕೇಳಬೇಕಿತ್ತು. ರೇಡಿಯೋ ಕೋಣೆಯಲ್ಲಿ ದೊಡ್ಡ ಕನ್ನಡಕದ ಒಬ್ಬಳು ಹೆಂಗಸು ಮೈಕಿನ ಮುಂದೆ ಕೂತಿದ್ದಳು. ಅವನು ಬಾಗಿಲಲ್ಲಿ ನಿಂತ.

"ಏನಾಗ್ಬೇಕು?" ಎಂದಳು ತಿರುಗದೆ.

"ಹಳ್ಳದಲ್ಲಿ ಬಿದ್ದಿದ್ನಲ್ಲ ಮೇಡಂ."

ಅವಳು ತಿರುಗಿದಳು. ಮೊದಲು ಕಾಲು ನೋಡಿದಳು, ಆಮೇಲೆ ಮುಖ.

"ಕಾಲು ನಿಜವಾಗ್ಲೂ ಸಿಕ್ಕಿಹಾಕ್ಕೊಂಡಿತ್ತಾ?"

"ಮೊದಲು ಸಿಕ್ಕಿತ್ತು. ಆಮೇಲೆ ಬಂತು. ಆಮೇಲೆ ಮತ್ತೆ ಇಟ್ಟೆ."

"ಒಂದ್ನಿಮಿಷ. ಮೂರು, ಬಲಕ್ಕೆ ತಿರುಗು. ಬಲಕ್ಕೆ. ಹಾಂ." ಮೈಕಿನಿಂದ ಕೈ ತೆಗೆದಳು. "ಮತ್ತೆ ಇಟ್ರಾ? ಯಾಕೆ?"

"ನೀವು 'ಹೇಳಪ್ಪ' ಅಂದ್ರಿ."

ಅವಳು ಏನೋ ಹೇಳಲು ಹೊರಟಾಗ ಹನ್ನೊಂದು ಕರೆಯಿತು. ಅದಕ್ಕೆ ದಾರಿ ಹೇಳಿ ಮುಗಿಸಿದಾಗ ಐದು ಕರೆಯಿತು. ಮೇಜಿನ ಮೇಲೆ ಅರ್ಧ ಮುಚ್ಚಳ ತೆಗೆದ ಡಬ್ಬಿಯಿತ್ತು. ಎದುರುಬದುರಾಗಿ ಇಬ್ಬರಿಗೂ ಮಾತು ಸರಿಯಾಗಿ ಕೂರುತ್ತಿರಲಿಲ್ಲ, ಅಳತೆ ತಪ್ಪಿದ ಹಲ್ಲಿನಂತೆ.

"ನಾನು ಕೀಲಿ ವಿಷಯ ಹೇಳಿದ್ದು ಈಗ ಎಲ್ಲಾ ಡ್ರೈವರುಗಳ ಬಾಯಲ್ಲೂ ಇದೆ," ಎಂದಳು.

"ಗೊತ್ತು ಮೇಡಂ. ಅದಕ್ಕೇ ಬಂದೆ. ತಪ್ಪಾಯ್ತು."

"ಸೆಟ್ ಕಿತ್ಕೊಳ್ಳಿ ಅಂತ ಎಂಜಿನಿಯರ್ ಆರ್ಡರಿದೆ. ಕೊಡಿ."

ಅವನು ಚೀಲ ಬಿಚ್ಚಿ ಮೇಜಿನ ಮೇಲಿಟ್ಟ. ಅವಳು ಡ್ರಾಯರಿನಿಂದ ಇಕ್ಕಳ ತೆಗೆದು, ಹೆಲ್ಮೆಟ್ಟನ್ನು ತಲೆಕೆಳಗು ಮಾಡಿ ಒಳಗಿನ ವೈರುಗಳನ್ನು ಬೆರಳಿನಿಂದ ಬಿಡಿಸಿ ನೋಡಿದಳು. ಬಾಯಿಯ ಹತ್ತಿರದ ಮೈಕಿನ ವೈರನ್ನು ಕಟ್ಟೆಂದು ಕತ್ತರಿಸಿದಳು. ಕಿವಿಯ ಹತ್ತಿರದ್ದನ್ನು ಹಾಗೇ ಬಿಟ್ಟಳು.

"ಇಷ್ಟು ಸಾಕು. ಇನ್ನು ನೀವು ಮಾತಾಡೋ ಹಾಗಿಲ್ಲ," ಎಂದು ಹೆಲ್ಮೆಟ್ಟನ್ನೂ ಸೆಟ್ಟನ್ನೂ ಅವನ ಕಡೆಗೆ ಸರಿಸಿದಳು. ಆಗಲೇ ಒಂಬತ್ತು ಕರೆಯಿತು. ಅವನು ಎರಡನ್ನೂ ಎತ್ತಿಕೊಂಡು ಹೊರಗೆ ಬಂದ.

ಅಂದಿನಿಂದ ಸಂಜೆ ಹೊತ್ತು ದವಡೆ ಹೆಲ್ಮೆಟ್ ಹಾಕಿಕೊಂಡು ತಾರಸಿಯ ನೀರಿನ ತೊಟ್ಟಿಯ ಪಕ್ಕ ಕೂರತೊಡಗಿದ. ಎದುರುಮನೆಯವರು ಮಕ್ಕಳನ್ನು ಒಳಗೆ ಕರೆದುಕೊಂಡರು. "ತಲೆಗೆ ಏಟು ಬಿದ್ದಿದೆ, ಡಾಕ್ಟರು ತೆಗೀಬಾರದು ಅಂದಿದಾರೆ," ಎಂದು ಭಾವ ಸಂಘದ ಮರ್ಯಾದೆ ಉಳಿಸಿದರು. ಆರು ಗಂಟೆಗೆ ಟ್ಯಾಂಕರುಗಳು ಶೆಡ್ಡು ಸೇರುವ ಹೊತ್ತು. ಕೋಣೆಗೆ ಬೀಗ ಹಾಕುವ ಮೊದಲು ರೇಡಿಯೋ ಮೇಡಂ ಒಂದೊಂದೇ ನಂಬರು ಕೂಗುತ್ತಾಳೆಂಬುದು ಅವನಿಗೆ ತಿಳಿದದ್ದು ಆಗ.

"ಒಂದು?"

"ಸೇರಿದೆ ಮೇಡಂ."

"ಎರಡು?"

"ಸೇರಿದೆ."

ಹದಿನಾರೂ ಮುಗಿದು ಗರಗರ ಸದ್ದು ಉಳಿಯಿತು. ದವಡೆ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಲು ಕೈಯೆತ್ತಿದ.

"ಹದಿನೇಳು?"

ಯಾರೋ ಚಾಲಕ ಹೇಳಿದ: "ಮೇಡಂ, ನಮ್ಮಲ್ಲಿರೋದು ಹದಿನಾರೇ."

"ಗೊತ್ತು. ನೀನು ಸುಮ್ನಿರು."

ಅವಳು ಮೊದಲಿನ ದನಿಯಲ್ಲೇ ಮುಂದುವರಿಸಿದಳು.

"ಹದಿನೇಳು, ಊತ ಇಳಿದಿಲ್ಲ ಅಂದ್ರೆ ರಾತ್ರಿ ಕಾಲಡಿ ದಿಂಬು ಇಟ್ಕೊಂಡು ಮಲಕ್ಕೋ. ಬರೀ ಬ್ರೆಡ್ ತಿನ್ನಬೇಡ. ಮನೆ ಸೇರಿದೀಯಾ?"

"ಸೇರಿದೆ," ಎಂದ ದವಡೆ, ಕತ್ತರಿಸಿದ ವೈರಿನ ತುದಿಗೆ. ಒಣಗಿದ ಬಟ್ಟೆ ತೆಗೆಯಲು ಬಂದಿದ್ದ ಅಕ್ಕ ಒಮ್ಮೆ ತಿರುಗಿ ನೋಡಿ, ಭಾವನ ಶರ್ಟು ಮಡಚಿಕೊಂಡು ಕೆಳಗಿಳಿದಳು.

ಒಬ್ಬ ಮನುಷ್ಯ ಉತ್ತರ ಹೇಳಿ ಮುಗಿಸಲು ಬೇಕಾಗುವಷ್ಟು ಹೊತ್ತು ರೇಡಿಯೋ ಮೇಡಂ ಚಾನೆಲ್ ತೆರೆದಿಟ್ಟಿದ್ದಳು. ಆಮೇಲೆ "ಸರಿ" ಎಂದು ಮುಚ್ಚಿದಳು.